ಏಳನೇ ತಾರೀಖಿನೊಳಗೆ

ಬೆಂಗಳೂರಿನ ಬಾಗಲಗುಂಟೆ ಬಸ್ ಸ್ಟಾಪಿನ ಹತ್ತಿರ ಲೈಟ್ ಕಂಬಕ್ಕೆ ಅಂಟಿಸಿದ ಚೀಟಿ: ‘ಬೇಕಾಗಿದ್ದಾರೆ. ಟೈಲರ್, ಹೆಲ್ಪರ್, ಸಿಎನ್‌ಸಿ ಆಪರೇಟರ್. ಇಎಸ್‌ಐ, ಪಿಎಫ್, ಬೋನಸ್ ಇದೆ.’ ಮೂವತ್ತು ವರ್ಷ ಇಂಥ ಚೀಟಿ ಬರೆದವನು ನಾನು. ಮಾತು ಕೊಡುತ್ತಿದ್ದದ್ದು ನಮ್ಮ ವಿಭಾಗ. ಆ ಮಾತು ತಿಂಗಳು ತಿಂಗಳು ಉಳಿಯುವುದೋ ಮುರಿಯುವುದೋ ಈಗ ತೀರ್ಮಾನವಾಗುವುದು ಸರ್ವರ್ ರೂಮಿನಲ್ಲಿ. ಮಾತು ಕೊಟ್ಟವರಿಗೂ ನಡೆಸುವವರಿಗೂ ಮುಖಪರಿಚಯವೇ ಇಲ್ಲದಿದ್ದರೆ, ಚೀಟಿ ಓದಿಕೊಂಡು ಬಂದ ಹುಡುಗ ಯಾರ ಬಾಗಿಲು ತಟ್ಟಬೇಕು?

*

ಎರಡು ವಿಭಾಗಗಳ ನಡುವಿನ ಜಾಗ ಖಾಲಿ ಇರುವುದಿಲ್ಲ. ಅಲ್ಲೊಬ್ಬರು ಸಂಬಳದ ಸ್ಲಿಪ್ ಹಿಡಿದು ನಿಂತಿರುತ್ತಾರೆ.

*

ನಮ್ಮ ಕಡೆ ಬಡಾವಣೆಗಳ ಹೆಸರಲ್ಲೇ ಕಾರ್ಖಾನೆಗಳಿವೆ. ಎಂಇಐ ಬಡಾವಣೆ ಎಂದರೆ 1945ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಮೈಸೂರು ಎಲೆಕ್ಟ್ರಿಕಲ್ ಇಂಡಸ್ಟ್ರೀಸ್. ಅತ್ತ ಜಾಲಹಳ್ಳಿಯಲ್ಲಿ 1953ರ ಎಚ್‌ಎಂಟಿ, 1954ರ ಬಿಇಎಲ್. ಆಮೇಲೆ ಪೀಣ್ಯ. ಸೈರನ್ ಕೂಗಿಗೆ ಒಲೆ ಹಚ್ಚಿದ ಮನೆಗಳು ಇವು. ನಾನು ಕೆಲಸಕ್ಕೆ ಸೇರಿದಾಗ ಗೇಟಿನ ಪಕ್ಕ ಟೈಮ್ ಆಫೀಸ್ ಇತ್ತು. ಹಲಗೆಯ ಮೇಲೆ ಹಿತ್ತಾಳೆ ಟೋಕನ್‌ಗಳು. ಒಂದು ಟೋಕನ್ ಹಲಗೆಯಲ್ಲೇ ಉಳಿದರೆ ಟೈಮ್ ಕೀಪರ್ ಹೇಳುತ್ತಿದ್ದರು: ‘ಅವನ ಹೆಂಡ್ತೀನ ಹೆರಿಗೆಗೆ ಸೇರಿಸಿದ್ದಾರೆ, ಇವತ್ತು ಬರಲ್ಲ.’ ಆ ತಿಳಿವಳಿಕೆಯ ಜೊತೆಗೆ ಪಕ್ಷಪಾತವೂ ಇತ್ತು, ಅದನ್ನು ಮರೆಮಾಚಬಾರದು. ತಮ್ಮೂರಿನವನಿಗೆ ಹತ್ತು ನಿಮಿಷ ಮಾಫಿ, ಬೇರೆಯವನಿಗೆ ಅರ್ಧ ದಿನ ಕಟ್. ಯಂತ್ರ ಬಂದ ಮೇಲೆ ಪಕ್ಷಪಾತ ಹೋಯಿತು. ತಿಳಿವಳಿಕೆಯೂ ಅದರ ಹಿಂದೆಯೇ ಹೋಯಿತು. ಮೊದಲನೆಯದನ್ನು ಒಳಗೆ ಬಿಡದೆ ಎರಡನೆಯದನ್ನು ವಾಪಸು ಕರೆತರುವುದು ಎಚ್‌ಆರ್‌ನವರೂ ಐಟಿಯವರೂ ಸೇರಿ ಮಾಡಬೇಕಾದ ಕೆಲಸ. ಒಬ್ಬರಿಂದ ಆಗುವುದಿಲ್ಲ.

*

ಆಗ ನಮ್ಮ ಬಾಗಿಲ ಮೇಲೆ ‘ಪರ್ಸನಲ್ ಡಿಪಾರ್ಟ್‌ಮೆಂಟ್’ ಎಂದಿತ್ತು. ಬೋರ್ಡು ಬದಲಾಗಿ ಎಷ್ಟೋ ವರ್ಷವಾಯಿತು. ಪೀಣ್ಯದ ಹಳಬರು ಈಗಲೂ ‘ಪರ್ಸನಲ್ ಆಫೀಸಿಗೆ ಹೋಗಿ ಬರ್ತೀನಿ’ ಅನ್ನುತ್ತಾರೆ. ಅವರ ಬಾಯಲ್ಲಿ ಅದಕ್ಕೆ ಒಂದೇ ಅರ್ಥ: ತನ್ನ ಸ್ವಂತ ವಿಷಯ ಹೇಳಿಕೊಳ್ಳುವ ಜಾಗ.

*

ಮಗಳು ಹೆಬ್ಬಾಳದ ಕಡೆ ಟೆಕ್ ಪಾರ್ಕಿನಲ್ಲಿ ಸಂಬಳದ ಸಾಫ್ಟ್‌ವೇರ್ ಬರೆಯುತ್ತಾಳೆ. ಒಂದು ರಾತ್ರಿ ಊಟಕ್ಕೆ ಕೂತಾಗ ಅಂದಳು: ‘ಅಪ್ಪಾ, ನಿಮ್ಮ ಎಚ್‌ಆರ್‌ನವರು ನಿಯಮ ಹೇಳುವಾಗ ಸಾಮಾನ್ಯವಾಗಿ ಅಂತ ಶುರು ಮಾಡ್ತಾರೆ. ಸಾಮಾನ್ಯವಾಗಿ ಎಂಟು ಗಂಟೆ, ಸಾಮಾನ್ಯವಾಗಿ ಭಾನುವಾರ ರಜೆ. ನಾನು ಬರೀಬೇಕಾಗಿರೋದು ಉಳಿದ ದಿನದ ವಿಷಯ.’

ಆ ‘ಉಳಿದ ದಿನ’ದಲ್ಲೇ ನನ್ನ ಇಡೀ ನೌಕರಿ ಕಳೆದಿತ್ತು. ಅದನ್ನು ನಾನು ಯಾರಿಗೂ ಬರೆದು ಕೊಟ್ಟಿರಲಿಲ್ಲ.

*

ನಿಯಮ ಗೊತ್ತಿರುವುದು ಬೇರೆ, ನಿಯಮವನ್ನು ಅದರ ಎಲ್ಲ ‘ಆದರೆ’ಗಳ ಸಮೇತ ಬಿಡಿಸಿ ಹೇಳಲು ಬರುವುದು ಬೇರೆ. ಅಜ್ಜಿಗೆ ಸಾರು ಮಾಡಲು ಗೊತ್ತು. ಎಷ್ಟು ಉಪ್ಪು ಎಂದು ಕೇಳಿದರೆ ‘ಅಂದಾಜು’ ಅನ್ನುತ್ತಾಳೆ. ಅಂದಾಜನ್ನು ಕಲಿಯಬೇಕಾದರೆ ಅವಳ ಪಕ್ಕದಲ್ಲೇ ನಿಂತು ಅವಳ ಕೈ ನೋಡಬೇಕು. ಕಂಪ್ಯೂಟರಿನವರು ನಮ್ಮ ಪಕ್ಕ ಬಂದು ನಿಲ್ಲಬೇಕಾದದ್ದು ಇದಕ್ಕೇ.

*

ನಾನು ಕೆಲಸ ಮಾಡುತ್ತಿದ್ದ ಕಡೆ ಹೊಸ ಹಾಜರಿ ಸಾಫ್ಟ್‌ವೇರ್ ಬಂತು. ಮೂರನೇ ಪಾಳಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ. ಹದಿನಾಲ್ಕನೇ ತಾರೀಖು ರಾತ್ರಿ ಒಳಗೆ ಹೋದವನು ಹದಿನೈದರ ಬೆಳಗ್ಗೆ ಹೊರಗೆ ಬಂದ. ಯಂತ್ರ ಹದಿನಾಲ್ಕರಂದು ‘ಹೊರಗೆ ಬಂದಿಲ್ಲ’ ಎಂದು ಬರೆದುಕೊಂಡಿತು, ಹದಿನೈದರಂದು ‘ಒಳಗೆ ಹೋಗಿಲ್ಲ’ ಎಂದು. ಎರಡೂ ದಿನ ಗೈರುಹಾಜರಿ. ರಾತ್ರಿಯೆಲ್ಲ ಲೇತ್ ಮುಂದೆ ನಿಂತ ಮನುಷ್ಯ ಕಾಗದದ ಮೇಲೆ ಎಲ್ಲೂ ಇರಲಿಲ್ಲ.

ನಾವು ‘ಐಟಿ ತಪ್ಪು’ ಅಂದೆವು. ಅವರು ‘ಎಚ್‌ಆರ್ ಹೇಳಿರಲಿಲ್ಲ’ ಅಂದರು. ಹೀಗೆ ಮೂರು ದಿನ ಕಳೆಯಿತು. ನಾಲ್ಕನೇ ದಿನ ನನ್ನ ಬೀರುವಿನಲ್ಲಿದ್ದ, ಆಗ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ ಪುಸ್ತಕ ತೆಗೆದು 57ನೇ ಸೆಕ್ಷನ್ ತೋರಿಸಿದೆ. ಪಾಳಿ ಮಧ್ಯರಾತ್ರಿ ದಾಟಿದರೆ, ಆಮೇಲೆ ದುಡಿದ ಗಂಟೆಗಳನ್ನೂ ಹಿಂದಿನ ದಿನಕ್ಕೇ ಲೆಕ್ಕ ಹಾಕಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಇತ್ತು. ಐಟಿ ಹುಡುಗ ಎರಡು ಸಲ ಓದಿದ. ‘ಸಾರ್, ಇದನ್ನ ಮೊದಲೇ ಯಾರಾದ್ರೂ ತೋರ್ಸಿದ್ರೆ!’ ಅಂದವನು ಮಧ್ಯಾಹ್ನದೊಳಗೆ ಸರಿ ಮಾಡಿಬಿಟ್ಟ.

ಕಾಯ್ದೆ ಬರೆದವರಿಗೆ 1948ರಲ್ಲೇ ಹೊಳೆದಿದ್ದ ವಿಷಯ ಅದು. ನನ್ನ ಬೀರುವಿನಿಂದ ಅವನ ಮೇಜಿಗೆ ಇದ್ದದ್ದು ನಲವತ್ತು ಹೆಜ್ಜೆ.

*

ತಪ್ಪು ಯಾರದು ಎಂದು ಹುಡುಕುವ ಮೀಟಿಂಗಿಗೆ ಎಲ್ಲರೂ ಬರುತ್ತಾರೆ. ಹೊಸ ಪಾಳಿ ಶುರುವಾಗುವ ಮೊದಲಿನ ಮೀಟಿಂಗಿಗೂ ಅಷ್ಟೇ ಜನ ಬರಲಿ.

*

ಕೂಲೆಂಟ್ ಎಣ್ಣೆಯಲ್ಲಿ ಅದ್ದಿದ ಕೈ, ಕಬ್ಬಿಣದ ಅಂಚು ಉಜ್ಜಿ ಉಜ್ಜಿ ಸವೆದ ಬೆರಳು. ಬೆರಳಚ್ಚಿನ ಯಂತ್ರ ಓದುವುದು ಚರ್ಮದ ಗೆರೆಗಳನ್ನು. ಹೆಚ್ಚು ದುಡಿದವರ ಗೆರೆಯೇ ಮೊದಲು ಅಳಿಯುತ್ತದೆ. ಎಸಿ ರೂಮಿನಲ್ಲಿ ಕೂತವರ ಬೆರಳನ್ನು ಒಂದೇ ಸಲಕ್ಕೆ ಒಪ್ಪಿಕೊಳ್ಳುವ ಯಂತ್ರ ಡೀಬರಿಂಗ್ ಮಾಡುವ ಅಕ್ಕನಿಗೆ ಮೂರು ಸಲ ‘ಟ್ರೈ ಅಗೇನ್’ ಅನ್ನುತ್ತದೆ. ಯಂತ್ರ ಕೊಳ್ಳುವ ಮುಂಚೆ ಐಟಿಯವರು ಅದನ್ನು ತಮ್ಮ ಬೆರಳಿಟ್ಟು ಪರೀಕ್ಷಿಸಿದ್ದರು. ನಾವು ಎಚ್‌ಆರ್‌ನವರು ನಮ್ಮ ಬೆರಳಿಟ್ಟೆವು. ಶಾಪ್‌ಫ್ಲೋರ್‌ನಿಂದ ಒಬ್ಬರನ್ನು ಕರೆಯಬೇಕೆಂದು ಎರಡೂ ಕಡೆ ಯಾರಿಗೂ ಹೊಳೆಯಲಿಲ್ಲ. ಇಬ್ಬರೂ ಒಂದೇ ತಪ್ಪು ಮಾಡಿದರೆ ಅದಕ್ಕೆ ಸಹಕಾರ ಎನ್ನುವುದಿಲ್ಲ.

*

‘ಮಿಸ್‌ಪಂಚ್’ ಎಂದು ಒಂದು ಪದ ಹುಟ್ಟಿಕೊಂಡಿದೆ. ಯಂತ್ರ ಓದದಿದ್ದರೂ ಮಿಸ್ ಮಾಡಿದವನು ಕಾರ್ಮಿಕನೇ. ಪದ ಆರಿಸುವಾಗಲೇ ತೀರ್ಪು ಬಂದುಬಿಟ್ಟಿದೆ.

*

ಎರಡು ದಿನದ ಹಾಜರಿ ಹೋದರೆ ಏನಾಗುತ್ತದೆ? ಸಾಫ್ಟ್‌ವೇರ್ ಬರೆಯುವವರು ಎರಡು ದಿನದ ಸಂಬಳ ಎಂದುಕೊಳ್ಳುತ್ತಾರೆ. ಮುಂದಿನ ತಿಂಗಳು ಸೇರಿಸಿ ಕೊಟ್ಟರಾಯಿತು ಎಂದು ಎಚ್‌ಆರ್ ಕೂಡ ಸಮಾಧಾನ ಮಾಡಿಕೊಳ್ಳುತ್ತದೆ. ಆದರೆ ಇಎಸ್‌ಐನಲ್ಲಿ ಕಾಯಿಲೆಯ ಭತ್ಯೆ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಹೆರಿಗೆ ಭತ್ಯೆಗೆ ಹಿಂದಿನ ಎರಡು ಅವಧಿಗಳಲ್ಲಿ ಸೇರಿ 70 ದಿನ. ಎಪ್ಪತ್ತಾರಕ್ಕೂ ಎಪ್ಪತ್ತೆಂಟಕ್ಕೂ ನಡುವೆ ಇರುವ ಎರಡು ದಿನ ಒಬ್ಬಳಿಗೆ ಟೈಫಾಯಿಡ್‌ನಲ್ಲಿ ಮಲಗಿದ ತಿಂಗಳ ಗಂಜಿ. ಈ ಲೆಕ್ಕ ಎಚ್‌ಆರ್‌ನವರಿಗೆ ಬಾಯಿಪಾಠ. ಹಾಜರಿಯ ಕೋಡ್ ಬರೆಯುವ ಹುಡುಗಿಗೆ ಇದನ್ನು ಒಂದು ಸಲ ಹೇಳಿ ನೋಡಿ. ಆಮೇಲೆ ಅವಳು ‘ಅದೊಂದು ಸಣ್ಣ ಬಗ್’ ಎನ್ನುವುದಿಲ್ಲ.

*

ಹೇಳದೇ ಇದ್ದದ್ದು ಅವಳಿಗೆ ಗೊತ್ತಿಲ್ಲ ಎಂದು ದೂರುವುದು ಅನ್ಯಾಯ.

*

2020ರ ಡಿಸೆಂಬರ್ 12, ಶನಿವಾರ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಗಾಜು ಒಡೆಯಿತು, ವಾಹನಗಳು ಉರುಳಿದವು. ಟಿವಿಯಲ್ಲಿ ಇಡೀ ದಿನ ಅದೇ ದೃಶ್ಯ. ಗಾಜು ಒಡೆದದ್ದನ್ನು ಸರಿ ಎನ್ನಲಾರೆ. ಆದರೆ ಆಮೇಲೆ ಬಂದ ಸರ್ಕಾರಿ ತಪಾಸಣೆಯ ವರದಿಯನ್ನು ನಾನು ಒಬ್ಬ ಹಳೇ ಟೈಮ್ ಆಫೀಸಿನವನಾಗಿ ಓದಿದೆ. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ಸುಮಾರು ಐದು ಸಾವಿರದಿಂದ ಹತ್ತು ಸಾವಿರ ದಾಟಿತ್ತು. ಅಕ್ಟೋಬರ್‌ನಲ್ಲಿ ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಗೆ ಏರಿತ್ತು. ಕಾರ್ಮಿಕ ಕಾಯ್ದೆ ಬಲ್ಲವರು ಎಚ್‌ಆರ್‌ನಲ್ಲಿ ಸಾಕಷ್ಟಿರಲಿಲ್ಲ. ದುಡಿದ ಗಂಟೆಗೂ ಕೈಗೆ ಬಂದ ಹಣಕ್ಕೂ ತಾಳೆಯಾಗಲಿಲ್ಲ. ಡಿಸೆಂಬರ್ 19ರಂದು ಆಪಲ್ ಕಂಪನಿಯೇ ಒಪ್ಪಿಕೊಂಡಿತು: ಕೆಲಸದ ಗಂಟೆ ನಿರ್ವಹಿಸುವ ಸರಿಯಾದ ಪದ್ಧತಿ ಇರಲಿಲ್ಲ, ಅದರಿಂದಾಗಿ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಯಿತು. ವಿಸ್ಟ್ರಾನ್ ಕೂಡ ಕ್ಷಮೆ ಕೇಳಿತು.

ಹನ್ನೆರಡು ಗಂಟೆ ಪಾಳಿ ಎಂದು ತೀರ್ಮಾನವಾದ ದಿನ, ‘ಹಾಜರಿ ಯಂತ್ರಕ್ಕೆ ಈ ಹನ್ನೆರಡು ಗಂಟೆ ಅರ್ಥವಾಗುತ್ತದಾ?’ ಎಂದು ಕೇಳಲು ಒಬ್ಬರು ಆ ಕೋಣೆಯಲ್ಲಿ ಇರಬೇಕಿತ್ತು. ‘ಮೊದಲು ಇಲಾಖೆಗೆ ತಿಳಿಸಿ’ ಎನ್ನಲು ಇನ್ನೊಬ್ಬರು. ಜಗತ್ತಿನ ಅತಿ ನಾಜೂಕಿನ ಫೋನ್ ಜೋಡಿಸುವ ಜಾಗದಲ್ಲಿ ಎರಡು ತಿಂಗಳ ಹಾಜರಿ ಜೋಡಣೆಯಾಗಲಿಲ್ಲ. ಐದಾರು ವರ್ಷವಾದರೂ ಆ ಬೆಳಗ್ಗೆ ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಲ್ಲಿದ್ದವರಲ್ಲಿ ಬಹಳ ಮಂದಿ ಮೊದಲ ನೌಕರಿಯ ಹುಡುಗರು.

*

ಇದು ನಮ್ಮ ದೇಶದ ಬಡತನದ ಕಥೆ ಎಂದುಕೊಳ್ಳುವವರಿಗೆ: ಕೆನಡಾ ಸರ್ಕಾರ 2016ರಲ್ಲಿ ತನ್ನ ನೌಕರರಿಗೆ ‘ಫೀನಿಕ್ಸ್’ ಎಂಬ ಸಂಬಳ ವ್ಯವಸ್ಥೆ ತಂದಿತು. ಅದಕ್ಕೆ ಮುಂಚೆಯೇ ಇಲಾಖೆಗಳಲ್ಲಿದ್ದ, ಸಂಬಳದ ಒಳಸುಳಿ ಬಲ್ಲ ಸುಮಾರು 1,200 ಹುದ್ದೆಗಳನ್ನು ತೆಗೆದುಹಾಕಿತ್ತು. ಪ್ರಾಯೋಗಿಕ ಓಟವನ್ನೂ ಕೈಬಿಟ್ಟಿತು. ಆಮೇಲೆ ಕೆಲವರಿಗೆ ಹೆಚ್ಚು ಹಣ, ಕೆಲವರಿಗೆ ಕಡಿಮೆ, ಕೆಲವರಿಗೆ ತಿಂಗಳುಗಟ್ಟಲೆ ಏನೂ ಇಲ್ಲ. ಗೊತ್ತಿದ್ದವರನ್ನು ಮೊದಲು ಮನೆಗೆ ಕಳಿಸಿ, ಆಮೇಲೆ ಯಂತ್ರಕ್ಕೆ ಕಲಿಸಲು ಹೊರಟರೆ ಪಾಠ ಹೇಳುವವರು ಯಾರು?

*

ಹೊಸ ಬಾವಿಯ ನೀರು ಕುಡಿದು ನೋಡುವ ತನಕ ಹಳೇ ಬಾವಿ ಮುಚ್ಚುವುದಿಲ್ಲ. ಸಂಬಳದಲ್ಲಿ ಇದಕ್ಕೆ ಪ್ಯಾರಲಲ್ ರನ್ ಎನ್ನುತ್ತಾರೆ. ಹಳೇ ಲೆಕ್ಕ, ಹೊಸ ಲೆಕ್ಕ ಎರಡನ್ನೂ ಎರಡು ಮೂರು ತಿಂಗಳು ಒಟ್ಟಿಗೆ ಓಡಿಸಿ, ಪ್ರತಿಯೊಬ್ಬರ ಸಾಲಿನಲ್ಲೂ ಪೈಸೆ ಪೈಸೆ ತಾಳೆ ನೋಡುವುದು. ಬೇಸರದ ಕೆಲಸ. ಗಡುವು ಹತ್ತಿರವಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಆ ಕತ್ತರಿಗೆ ‘ಬೇಡ’ ಎನ್ನಬೇಕಾದವರು ಎಚ್‌ಆರ್. ಐಟಿ ಒಂದೇ ಹೇಳಿದರೆ ‘ಕೆಲಸ ಮುಗಿಸಲಾರದೆ ನೆಪ ಹೇಳುತ್ತಿದ್ದಾರೆ’ ಎನ್ನುತ್ತಾರೆ.

*

ನಮ್ಮ ಹೆಸರುಗಳು. ಇನಿಷಿಯಲ್‌ನಲ್ಲಿ ಊರು, ಅಪ್ಪನ ಹೆಸರು, ಕೆಲವೊಮ್ಮೆ ತಾತನದೂ. ಫಾರಂ ‘ಲಾಸ್ಟ್ ನೇಮ್ ಕಡ್ಡಾಯ’ ಅನ್ನುತ್ತದೆ. ಒಬ್ಬ ಗುಮಾಸ್ತ ಅಲ್ಲಿ ಚುಕ್ಕಿ ಇಡುತ್ತಾನೆ, ಇನ್ನೊಬ್ಬ ‘ಬಿ’ ಎಂದು ಬರೆಯುತ್ತಾನೆ, ಮತ್ತೊಬ್ಬ ಅಪ್ಪನ ಹೆಸರನ್ನು ಬಿಡಿಸಿ ಬರೆಯುತ್ತಾನೆ. ಮಂಜುನಾಥ್ ಒಂದು ಕಡೆ, ಮಂಜುನಾಥ ಇನ್ನೊಂದು ಕಡೆ. ಹತ್ತು ವರ್ಷ ಕಳೆದು, ಮಗಳ ಮದುವೆಗೆಂದು ಪಿಎಫ್ ಅರ್ಜಿ ಹಾಕಿದಾಗ ಆ ಒಂದು ಅಕ್ಷರ ಎದ್ದು ನಿಲ್ಲುತ್ತದೆ: ಆಧಾರ್‌ಗೂ ಯುಎಎನ್‌ಗೂ ಹೆಸರು ಹೊಂದುತ್ತಿಲ್ಲ. ಜಾಯಿಂಟ್ ಡಿಕ್ಲರೇಷನ್‌ಗೆ ಸಹಿ ಹಾಕಿಸಲು ಒಂದು ದಿನದ ಕೂಲಿ ಬಿಟ್ಟು ಓಡಾಟ.

ಫಾರಂ ವಿನ್ಯಾಸ ಮಾಡಿದವರಿಗೆ ‘ನಮ್ಮಲ್ಲಿ ಬಹಳ ಜನಕ್ಕೆ ಸರ್‌ನೇಮ್ ಎಂಬುದೇ ಇಲ್ಲ’ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಇದರಲ್ಲಿ ತಂತ್ರಜ್ಞಾನದ ತೊಡಕು ಏನೂ ಇಲ್ಲ. ಕೇಳಲಿಲ್ಲ, ಹೇಳಲಿಲ್ಲ, ಅಷ್ಟೇ.

*

ಜೂನ್ 1ರಂದು ನಮ್ಮ ಕಂಪ್ಯೂಟರ್ ಒಂದು ಹಿಂಡು ಜನಕ್ಕೆ ಹುಟ್ಟುಹಬ್ಬದ ಶುಭಾಶಯ ಕಳಿಸುತ್ತಿತ್ತು. ಐಟಿಯವರು ಡೇಟಾ ಕೆಟ್ಟಿದೆ ಎಂದು ಗಾಬರಿಯಾದರು. ಡೇಟಾ ಸರಿಯಾಗಿಯೇ ಇತ್ತು. ಹುಟ್ಟಿದ ದಿನ ಬರೆದಿಟ್ಟವರಿಲ್ಲದ ಮನೆಗಳಿಂದ ಬಂದ ಮಕ್ಕಳಿಗೆ ಮೇಷ್ಟ್ರು ಶಾಲೆ ಶುರುವಾಗುವ ಹೊತ್ತಿನ ಆ ತಾರೀಖನ್ನೇ ಬರೆದುಕೊಂಡಿದ್ದರು. ಪ್ರತಿ ಸಂಖ್ಯೆಯ ಹಿಂದೆ ಒಂದು ಊರಿದೆ. ಅದನ್ನು ಬಲ್ಲವರು ಸಂಖ್ಯೆ ಓದುವವರ ಪಕ್ಕದಲ್ಲಿ ಕೂತಿರಲಿ.

*

2016ರ ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್ ಹೆಂಗಸರು ಬೀದಿಗೆ ಇಳಿದರು. ಮರುದಿನ ನಮ್ಮ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ. ಫೆಬ್ರವರಿ 10ರ ಅಧಿಸೂಚನೆಯೊಂದು, ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂದಿತ್ತು. ಹತ್ತೊಂಬತ್ತರ ಸಂಜೆಯೇ ಕೇಂದ್ರ ಸರ್ಕಾರ ಅದನ್ನು ವಾಪಸು ಪಡೆಯಿತು. ಯಾವ ದೊಡ್ಡ ಯೂನಿಯನ್ನೂ ಮುಂದೆ ನಿಂತು ಕರೆದ ಬಂದ್ ಅಲ್ಲ ಅದು.

ನನಗೆ ಈಗಲೂ ಚುಚ್ಚುವುದು ಫೆಬ್ರವರಿ 10ರಿಂದ ಏಪ್ರಿಲ್ 18ರ ನಡುವಿನ ಎರಡು ತಿಂಗಳು. ನಮ್ಮ ಸಿಸ್ಟಮ್‌ನಲ್ಲಿ ಎಲ್ಲರ ಮೊಬೈಲ್ ನಂಬರ್ ಇತ್ತು. ಎಸ್ಎಂಎಸ್ ಕಳಿಸುವ ಸೌಲಭ್ಯ ಇತ್ತು. ನನಗೆ ಸುತ್ತೋಲೆ ಬಂದಿತ್ತು. ಸುತ್ತೋಲೆಯನ್ನು ಫೈಲಿಗೆ ಸೇರಿಸಿದೆ. ಕೆಲಸ ಬಿಟ್ಟ ಹೊತ್ತಿಗೆ ಪಿಎಫ್ ತೆಗೆದು ಮಕ್ಕಳ ಫೀಸು ಕಟ್ಟುವವರು ಅವರು, ಅದು ಅವರ ಚಿಟ್ ಫಂಡ್, ಅವರ ಒಡವೆ. ಆ ಹಣದ ಬಗ್ಗೆ ಏನು ಬದಲಾಗಿದೆ ಎಂದು ಅವರನ್ನು ಕೂರಿಸಿಕೊಂಡು ಒಂದು ಮಾತು ಹೇಳಬೇಕೆಂದು ನನಗೆ ಅನಿಸಲಿಲ್ಲ. ಐಟಿಯವರಿಗೆ ಸುತ್ತೋಲೆಯ ವಿಷಯವೇ ಗೊತ್ತಿರಲಿಲ್ಲ. ಸುದ್ದಿ ತಲುಪಿಸುವ ದಾರಿ ಅವರ ಹತ್ತಿರ, ಸುದ್ದಿ ನನ್ನ ಹತ್ತಿರ.

*

ಸರ್ಕಾರಿ ಕಚೇರಿಗಳಲ್ಲಿ ಒಂದು ಒಳ್ಳೆಯ ಪದವಿದೆ: ವಿಷಯ ನಿರ್ವಾಹಕ. ಕಡತ ಎಲ್ಲೇ ಅಲೆಯಲಿ, ಅದಕ್ಕೊಬ್ಬ ವಿಷಯ ನಿರ್ವಾಹಕ ಇರುತ್ತಾನೆ, ಅವನಿಗೊಂದು ಮೇಜು, ಒಂದು ಮುಖ. ನನ್ನ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಟೀಚರ್. ಅವಳ ಸಂಬಳ ಈಗ ಸರ್ಕಾರದ ಸಾಫ್ಟ್‌ವೇರ್ ಆದ ಎಚ್‌ಆರ್‌ಎಂಎಸ್‌ನಲ್ಲಿ, ವೇತನ ಬಡ್ತಿಯೂ ಅದರಲ್ಲೇ. ಆದರೂ ಏನಾದರೂ ತಪ್ಪಿದರೆ ಬಿಇಒ ಆಫೀಸಿನಲ್ಲಿ ಯಾರ ಮೇಜಿಗೆ ಹೋಗಬೇಕೆಂದು ಅವಳಿಗೆ ಗೊತ್ತು. ಕಾಯಿಸುತ್ತಾರೆ, ನಿಜ. ಆದರೆ ‘ನೋರಿಪ್ಲೈ’ ಎಂಬ ವಿಳಾಸಕ್ಕೆ ಪತ್ರ ಬರೆಯುವ ಗತಿ ಅವಳಿಗಿಲ್ಲ.

*

‘ಟಿಕೆಟ್ ಹಾಕಿ’ ಎನ್ನುತ್ತೇವೆ. ಮೂರನೇ ಪಾಳಿಯವನಿಗೆ ಲ್ಯಾಪ್‌ಟಾಪ್ ಇಲ್ಲ, ಕಂಪನಿಯ ಮೇಲ್ ಐಡಿ ಇಲ್ಲ. ಅವನಿಗೆ ಗೊತ್ತಿರುವ ಟಿಕೆಟ್ ಬಿಎಂಟಿಸಿಯದು.

*

ಐಟಿಯವರ ಕಷ್ಟವನ್ನೂ ಹೇಳಬೇಕು. ಶುಕ್ರವಾರ ಸಂಜೆ ಆರಕ್ಕೆ ‘ಸಣ್ಣ ಚೇಂಜ್ ಅಷ್ಟೇ’ ಎಂದು ನಾವು ಕಳಿಸಿದ ಎಕ್ಸೆಲ್ ಶೀಟುಗಳು ಎಷ್ಟೋ. ಒಂದು ಶೀಟಿನಲ್ಲಿ ತಾರೀಖು ಮೊದಲು, ಇನ್ನೊಂದರಲ್ಲಿ ತಿಂಗಳು ಮೊದಲು. ಕಟ್-ಆಫ್ ಆದ ಮೇಲೆ ಬಂದ ಹೊಸಬರ ಪಟ್ಟಿ. ಆಡಳಿತ ಮಂಡಳಿ ತೀರ್ಮಾನ ಮಾಡಿ ತಿಂಗಳಾದ ಮೇಲೆ ನಾವು ಹೇಳುವ ‘ಹಿಂದಿನಿಂದ ಜಾರಿ’. ಅವರು ರಾತ್ರಿಯೆಲ್ಲ ಕೂತು ಸರಿ ಮಾಡಿದ್ದು ನಮಗೆ ಕಾಣುವುದಿಲ್ಲ. ಸಂಬಳ ಸರಿಯಾಗಿ ಬಂದ ತಿಂಗಳು ಯಾರೂ ಐಟಿ ವಿಭಾಗಕ್ಕೆ ಫೋನ್ ಮಾಡುವುದಿಲ್ಲ. ನಾನು ಕೊನೆಯ ಮೂರು ವರ್ಷ ಪ್ರತಿ ತಿಂಗಳೂ ಮಾಡಿದೆ. ಮೊದಲ ಸಲ ಆ ಹುಡುಗ ‘ಏನ್ ಸಾರ್, ಏನ್ ಪ್ರಾಬ್ಲಮ್?’ ಎಂದು ಕೇಳಿದ.

*

ಕೆಲಸ ಬಿಟ್ಟವನ ಪಾಸ್‌ವರ್ಡ್ ಮುಚ್ಚಲು ಹತ್ತು ನಿಮಿಷ. ಅವನ ಲೆಕ್ಕ ಮುಗಿಸಲು ನಲವತ್ತೈದು ದಿನ. ಇದು ಬಹಳ ಕಡೆ ರೂಢಿಯಾಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟರೂ ತೆಗೆದುಹಾಕಿದರೂ ಅವನ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಎರಡು ದಿನದಲ್ಲಿ ಹಾಜರಿ, ರಜೆ, ಓಟಿ, ಮುಂಗಡ ಎಲ್ಲವೂ ಒಂದೆಡೆ ಸೇರಬೇಕಾದರೆ ಎಚ್‌ಆರ್, ಐಟಿ, ಅಕೌಂಟ್ಸ್ ಮೂವರೂ ಒಂದೇ ಪರದೆ ನೋಡುತ್ತಿರಬೇಕು. ಕಾನೂನು ಹೆದರಿಸಿ ಮಾಡಿಸುವ ಮೊದಲೇ ಇದನ್ನು ನಾವು ಮಾಡಬಹುದಿತ್ತು.

*

ಹೋಗುವವನಿಗೆ ಹೇಗೆ ಲೆಕ್ಕ ಕೊಟ್ಟರು ಎಂಬುದನ್ನು ಉಳಿದವರು ನೋಡುತ್ತಿರುತ್ತಾರೆ.

*

ಹೊಸ ಸಾಫ್ಟ್‌ವೇರ್ ಪರೀಕ್ಷಿಸಲು ನಿಜವಾದ ನೌಕರರ ಪಟ್ಟಿಯನ್ನೇ ಕೊಟ್ಟುಬಿಡುವ ಅಭ್ಯಾಸವಿದೆ. ಯಾರಿಗೆ ಎಷ್ಟು ಸಂಬಳ, ಯಾರ ಮನೆಯಲ್ಲಿ ಯಾವ ಕಾಯಿಲೆ, ಯಾರಿಗೆ ಎಷ್ಟು ಸಾಲ ಕಡಿತ, ಎಲ್ಲವೂ ಅದರಲ್ಲಿ. ಪರ್ಸನಲ್ ಆಫೀಸಿನ ಬಾಗಿಲು ಹಾಕಿಕೊಂಡು ಒಬ್ಬ ಹೇಳಿಕೊಂಡ ಕಷ್ಟ ಇನ್ಯಾರದೋ ಲ್ಯಾಪ್‌ಟಾಪಿನಲ್ಲಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆಯೂ ಬಂದಿದೆ. ಕಾಯ್ದೆ ಇರಲಿ ಬಿಡಲಿ, ಹೆಸರು ಮರೆಮಾಡಿದ ಪಟ್ಟಿ ಕೇಳುವುದು ಐಟಿಯವರ ಮರ್ಯಾದೆ, ಹಾಗೆ ಮಾಡಿಯೇ ಕೊಡುವುದು ನಮ್ಮ ಮರ್ಯಾದೆ.

*

ಅಮೆಜಾನ್ ಕಂಪನಿ ಅರ್ಜಿ ಆರಿಸಲು ಒಂದು ಯಂತ್ರ ಕಟ್ಟಿಸಿತ್ತು. ಹತ್ತು ವರ್ಷದ ಹಳೇ ಅರ್ಜಿಗಳನ್ನು ಅದಕ್ಕೆ ಓದಿಸಿದರು. ಹಳೇ ಅರ್ಜಿಗಳಲ್ಲಿ ಬಹುಪಾಲು ಗಂಡಸರು. ಯಂತ್ರ ‘ಮಹಿಳಾ’ ಎಂಬ ಪದ ಕಂಡ ಅರ್ಜಿಗಳ ಅಂಕ ಇಳಿಸುವುದನ್ನು ಕಲಿತುಬಿಟ್ಟಿತು. 2018ರಲ್ಲಿ ವಿಷಯ ಹೊರಬಂತು, ಅಷ್ಟರಲ್ಲಿ ಕಂಪನಿ ಅದನ್ನು ಕೈಬಿಟ್ಟಿತ್ತು. ನಮ್ಮಲ್ಲೂ ಈಗ ಅರ್ಜಿಗಳನ್ನು ಯಂತ್ರ ಜರಡಿ ಹಿಡಿಯುತ್ತಿದೆ. ಕನ್ನಡ ಮಾಧ್ಯಮದಲ್ಲಿ ಓದಿ, ಚಿಕ್ಕಬಾಣಾವರದಲ್ಲಿ ರೂಮು ಮಾಡಿಕೊಂಡಿರುವ ಡಿಪ್ಲೊಮಾ ಹುಡುಗಿಯ ಅರ್ಜಿ ಯಾವ ತೂತಿನಲ್ಲಿ ಕೆಳಗೆ ಬಿತ್ತು ಎಂದು ಜರಡಿ ಮಾಡಿದವನನ್ನು ಎಚ್‌ಆರ್ ಕೇಳುತ್ತಿರಬೇಕು. ಉತ್ತರ ಹೇಳಲು ಅವನಿಗೆ ಆಗಬೇಕು.

*

ಆ್ಯಪ್ ಇಂಗ್ಲಿಷಿನಲ್ಲಿ. ಗಾರ್ಮೆಂಟ್ಸ್ ಲೈನಿನಲ್ಲಿ ಕನ್ನಡದವರ ಪಕ್ಕದಲ್ಲೇ ಈಗ ಒಡಿಶಾದ, ಜಾರ್ಖಂಡಿನ ಹುಡುಗಿಯರಿದ್ದಾರೆ. ‘ರಿಜೆಕ್ಟೆಡ್’ ಎಂಬ ಒಂದೇ ಪದ ಎಲ್ಲರಿಗೂ ಅರ್ಥವಾಗುತ್ತದೆ, ಅದರ ಕೆಳಗೆ ಬರೆದಿರುವ ಕಾರಣ ಯಾರಿಗೂ ಅರ್ಥವಾಗುವುದಿಲ್ಲ. ‘ನಿಮ್ಮ ರಜೆ ಒಪ್ಪಿಗೆಯಾಗಿದೆ’ ಎಂದು ಬರೆಯಲು ಇವತ್ತಿನ ತಂತ್ರಜ್ಞಾನಕ್ಕೆ ಒಂದು ಕಷ್ಟವೂ ಇಲ್ಲ. ಯಾವ ಮಾತು ಯಾವ ನುಡಿಯಲ್ಲಿ ಎಂದು ಎಚ್‌ಆರ್ ಪಟ್ಟಿ ಕೊಡಬೇಕು. ನನ್ನ ಕಾಲದಲ್ಲಿ ಆ ಪಟ್ಟಿ ಮಾಡಲು ಒಂದು ಮಧ್ಯಾಹ್ನ ಹಿಡಿಯಿತು. ಮಾಡೋಣ ಎಂದು ಮನಸ್ಸು ಮಾಡಲು ನಾಲ್ಕು ವರ್ಷ.

*

ನಾನು ಕಲಿತ ಒಂದೇ ಒಂದು ಪದ್ಧತಿ ಹೇಳುತ್ತೇನೆ. ತಿಂಗಳ ಇಪ್ಪತ್ತೈದಕ್ಕೆ ಎಚ್‌ಆರ್‌ನಿಂದ ಒಬ್ಬರು, ಐಟಿಯಿಂದ ಒಬ್ಬರು ಒಂದೇ ಮೇಜಿಗೆ ಕೂರುವುದು. ಇಡೀ ಪಟ್ಟಿ ಬೇಡ, ಹತ್ತು ಜನರ ಸಾಲು ಸಾಕು. ಮೂರನೇ ಪಾಳಿಯವನು ಒಬ್ಬ. ಹೆರಿಗೆ ರಜೆಯಲ್ಲಿರುವವಳು ಒಬ್ಬಳು. ತಿಂಗಳ ಹದಿನಾರಕ್ಕೆ ಸೇರಿದವನು. ಕೆಲಸ ಬಿಟ್ಟವನು. ಇಎಸ್‌ಐ ಮಿತಿಯಾದ 21,000 ರೂಪಾಯಿಯನ್ನು ಈ ತಿಂಗಳು ದಾಟಿದವಳು. ಎರಡು ಥರ ಹೆಸರಿರುವವನು. ಹಬ್ಬದ ದಿನ ಬಂದು ಓಟಿ ಮಾಡಿದವನು. ಗುತ್ತಿಗೆಯಿಂದ ಕಾಯಂ ಆದವಳು. ಬ್ಯಾಂಕ್ ಅಕೌಂಟ್ ಬದಲಾಯಿಸಿದವನು. ಬೆರಳು ಓದದವಳು. ಈ ಹತ್ತು ಸರಿಯಿದ್ದರೆ ಉಳಿದವು ಬಹುತೇಕ ಸರಿ ಇರುತ್ತವೆ. ಕಾಫಿ ತರಿಸಿಕೊಂಡು ಕೂತರೆ ಒಂದೂವರೆ ಗಂಟೆ. ಮೊದಲ ತಿಂಗಳು ಏಳು ತಪ್ಪು ಸಿಕ್ಕವು. ನಾಲ್ಕು ನಮ್ಮವು, ಮೂರು ಅವರವು. ಆ ಎಣಿಕೆಯನ್ನು ಎರಡನೇ ತಿಂಗಳಿಗೆ ನಿಲ್ಲಿಸಿದೆವು.

*

ಏಳನೇ ತಾರೀಖು. 1936ರ ವೇತನ ಪಾವತಿ ಕಾಯ್ದೆ ಸಾವಿರಕ್ಕಿಂತ ಕಡಿಮೆ ಜನರಿದ್ದ ಕಡೆ ಏಳರೊಳಗೆ, ಹೆಚ್ಚಿದ್ದ ಕಡೆ ಹತ್ತರೊಳಗೆ ಎಂದಿತ್ತು. ಈಗಿನ ಸಂಹಿತೆಯಲ್ಲಿ ತಿಂಗಳ ಸಂಬಳದವರಿಗೆಲ್ಲ ಏಳೇ. ಬಾಗಲಗುಂಟೆಯ ದಿನಸಿ ಅಂಗಡಿಯವರಿಗೆ ಯಾವ ಸೆಕ್ಷನ್ನೂ ಗೊತ್ತಿಲ್ಲ, ಆದರೆ ಅವರ ಸಾಲದ ಪುಸ್ತಕವೂ ಆ ತಾರೀಖಿನ ಸುತ್ತಲೇ ತಿರುಗುತ್ತದೆ. ಮನೆ ಬಾಡಿಗೆ, ಚೀಟಿ ಕಂತು, ಊರಲ್ಲಿರುವ ಅಮ್ಮನಿಗೆ ಫೋನ್‌ಪೇ. ಎರಡು ವಿಭಾಗಗಳು ಜಗಳವಾಡುತ್ತ ಒಂಬತ್ತಕ್ಕೆ ಮುಟ್ಟಿಸಿದರೆ ಇಲ್ಲಿ ನೂರಾರು ಮನೆಯಲ್ಲಿ ಎರಡು ದಿನ ಮಾತು ಬಿರುಸಾಗುತ್ತದೆ.

*

ನಿವೃತ್ತನಾದ ಮೇಲೆ ಒಂದು ದಿನ ಮಗಳು ಕೇಳಿದಳು: ‘ಅಪ್ಪಾ, ನಾನು ಶಿಫ್ಟ್ ಬದಲಾಗೋದನ್ನ ಒಂದು ಸಲನೂ ನೋಡಿಲ್ಲ. ಕರ್ಕೊಂಡು ಹೋಗ್ತೀರಾ?’ ಬೆಳಗ್ಗೆ ಐದೂ ಮುಕ್ಕಾಲಿಗೆ ಪೀಣ್ಯದಲ್ಲಿ, ನಾನು ದುಡಿದ ಜಾಗದ ಎದುರಿನ ಟೀ ಅಂಗಡಿಯಲ್ಲಿ ನಿಂತೆವು. ರಾತ್ರಿ ಪಾಳಿಯವರು ಹೊರಗೆ ಬರುತ್ತಿದ್ದರು, ಬೆಳಗಿನವರು ಒಳಗೆ ಹೋಗುತ್ತಿದ್ದರು. ಇಬ್ಬರಿಗೂ ಇದ್ದದ್ದು ಒಂದೇ ಯಂತ್ರ. ಹೊರಗೆ ಬರುವವರ ಸಾಲು ಕರಗುವ ತನಕ ಒಳಗೆ ಹೋಗುವವರ ಸಾಲು ಅಲುಗಲಿಲ್ಲ. ಒಬ್ಬಾಕೆ ಬೆರಳನ್ನು ಸೆರಗಿಗೆ ಒರೆಸಿ ಇಟ್ಟಳು, ಮತ್ತೆ ಒರೆಸಿ ಇಟ್ಟಳು. ಹಿಂದಿದ್ದವರು ಕತ್ತು ಚಾಚಿ ಗೋಡೆ ಗಡಿಯಾರ ನೋಡುತ್ತಿದ್ದರು.

ಮಗಳು ಟೀ ಕುಡಿಯುವುದನ್ನು ಮರೆತಿದ್ದಳು. ‘ಗ್ರೇಸ್ ಟೈಮ್ ಎಷ್ಟು?’

‘ಐದು ನಿಮಿಷ.’

‘ಇಷ್ಟು ಜನಕ್ಕೆ ಒಂದು ಮಷೀನ್ ಇಟ್ಟು ಐದು ನಿಮಿಷ ಅಂತ ಯಾರಪ್ಪಾ ಬರೆದಿದ್ದು?’

‘ನಾನೇ’ ಅಂದೆ.

ಅವಳು ಏನೂ ಅನ್ನಲಿಲ್ಲ. ಸಾಲಿನ ಕೊನೆಯಲ್ಲಿದ್ದ ಹೆಂಗಸು ಆರಕ್ಕೆ ಮುಂಚೆಯೇ ಬಂದು ನಿಂತವಳು. ಯಂತ್ರ ಅವಳ ಬೆರಳು ಓದಿ ಹಸಿರು ದೀಪ ಹತ್ತಿದಾಗ ಮಗಳು ಫೋನಿನಲ್ಲಿ ಸಮಯ ಬರೆದುಕೊಂಡಳು: 6.11.